ಉಸಿರಿಗೆ ಬಿಟ್ಟ ಐದು ಹಕ್ಕಿ

ಬೆಳಕು ಇನ್ನೂ ಹರಿದಿಲ್ಲ. ಹೈಬೇ ಊರಿನ ಕಡಲೊಡ್ಡಿನ ಮೇಲೆ ಈಶಾನ್ಯದ ಗಾಳಿ ಒಂದೇ ಸಮನೆ ಬೀಸುತ್ತಿದೆ. ಒಡ್ಡಿನ ಕೆಳಗೆ ಉಬ್ಬರದ ನೀರು ಕೆಸರುಬಯಲನ್ನು ಮುಕ್ಕಾಲು ಮುಚ್ಚಿ, ಒಂದು ಮರಳದಿಬ್ಬವನ್ನು ಮಾತ್ರ ಉಳಿಸಿದೆ. ದಿಬ್ಬದ ಮೇಲೆ ಬೂದು ಬಣ್ಣದ ಒಂದು ಗೆರೆ. ನೋಡುನೋಡುತ್ತ ಆ ಗೆರೆ ಬೆಳ್ಳಗಾಗುತ್ತದೆ, ಆಮೇಲೆ ಬಿಡಿಬಿಡಿಯಾಗುತ್ತದೆ. ರಾತ್ರಿಯೆಲ್ಲ ಮೀನುಹೊಂಡಗಳಲ್ಲಿ ಮೇದು ಬಂದ ಸೌಟುಕೊಕ್ಕುಗಳು ಒತ್ತೊತ್ತಾಗಿ ನಿಂತಿವೆ. ತುದಿಯಲ್ಲಿ ಸೌಟಿನಂತೆ ಅಗಲವಾದ ಕೊಕ್ಕನ್ನೂ ಕರಿಮೊಗವನ್ನೂ ರೆಕ್ಕೆಯೊಳಗೆ ಹುದುಗಿಸಿ, ಒಂಟಿಕಾಲಲ್ಲಿ ನಿದ್ದೆ ಹೋಗಿವೆ.

ಮೂರು ಕಾಲಿನ ದುರ್ಬೀನಿನ ಹಿಂದೆ, ಗಿಡ್ಡ ಬಿದಿರಿನ ಸ್ಟೂಲಿನ ಮೇಲೆ ಖೋ ಗಿನ್‌ಥೇ ಕೂತಿದ್ದಾರೆ. ಅರವತ್ತೊಂಬತ್ತು ವರ್ಷ. ತಲೆಗೆ ಹೂವಿನ ಬಟ್ಟೆ ಸುತ್ತಿ ಅದರ ಮೇಲೆ ಟೋಪಿ ಇಟ್ಟಿದ್ದಾರೆ. ಊರಿಗೆಲ್ಲ ಅವರು ಥೇ ಆಯಿ, ಎಲ್ಲರಿಗೂ ಚಿಕ್ಕಮ್ಮ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಗಾಜಿಗೆ ಒತ್ತಿ, ಗಂಟಲಲ್ಲೇ ಏನೋ ಗುನುಗುತ್ತಾರೆ. ಮಡಿಲಲ್ಲಿರುವ ಬಲಗೈ ಆ ರಾಗಕ್ಕೆ ತಕ್ಕಂತೆ ಬಾಗುತ್ತದೆ, ಏಳುತ್ತದೆ, ಕಾಣದ ನೀರನ್ನು ಮೊಗೆದು ಸುರಿದಂತೆ.

ಅವರ ಹಿಂದೆ ಸಿಯಾವ್ ಮೇಷ್ಟ್ರು ಕೈಕಟ್ಟಿ ನಿಂತಿದ್ದಾರೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಇಲ್ಲಿನ ಹಕ್ಕಿ ಬಳಗದ ಕಾರ್ಯದರ್ಶಿ. ತೈನಾನ್ ಕಡೆಯಿಂದ ಬಸ್ಸಿನಲ್ಲಿ ಬಂದ ನಲವತ್ತು ಜನ, ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು, ಇನ್ನೂ ಹಿಂದೆ ನಿಂತಿದ್ದಾರೆ. ಇದು ಜನವರಿಯ ಜಂಟಿ ಎಣಿಕೆಯ ದಿನ. ಈ ಹಕ್ಕಿ ಚಳಿಗಾಲ ಕಳೆಯುವ ತೀರಗಳಲ್ಲೆಲ್ಲ, ಬೇರೆ ಬೇರೆ ದೇಶಗಳಲ್ಲಿ, ಇದೇ ಬೆಳಿಗ್ಗೆ ಯಾರೋ ಒಬ್ಬರು ಹೀಗೆ ಕೂತು ಎಣಿಸುತ್ತಿರುತ್ತಾರೆ. ಹೈಬೇ ದಿಬ್ಬವನ್ನು ಹತ್ತೊಂಬತ್ತು ಚಳಿಗಾಲ ಎಣಿಸಿದವರು ಗಿನ್‌ಥೇ. ಇವತ್ತಿನ ಲೆಕ್ಕ ತಪ್ಪಿದರೆ ನಾಳೆಯಿಂದ ಈ ಸ್ಟೂಲಿನ ಮೇಲೆ ಬೇರೆಯವರು ಕೂರುತ್ತಾರೆ. ಅದು ಅವರಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು.

ಗಿನ್‌ಥೇಯ ತಂದೆ ಮೀನಮರಿ ಎಣಿಸುವವರು. ಆಗೆಲ್ಲ ಹೊಂಡಗಳಲ್ಲಿ ಸಾಕುವ ಹೂಮೀನಿನ ಮರಿಗಳನ್ನು ವಸಂತದಲ್ಲಿ ಅಲೆ ಒಡೆಯುವಲ್ಲೇ ಬಲೆ ದೂಡಿ ಹಿಡಿಯಬೇಕಿತ್ತು. ಸೂಜಿಯಷ್ಟೇ ಗಾತ್ರದ ಮರಿ. ಎರಡು ಕಣ್ಣು, ಒಂದು ಹೊಟ್ಟೆ, ಮಿಕ್ಕದ್ದೆಲ್ಲ ನೀರಿನ ಬಣ್ಣ. ಹೊಂಡದವರು ಕೊಳ್ಳಲು ಬಂದಾಗ ಅಪ್ಪ ಎರಡು ಬಾನಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಬಿಳಿ ಬಟ್ಟಲಿನಿಂದ ಒಂದು ಸಲಕ್ಕೆ ಐದೈದು ಮರಿ ಮೊಗೆದು ಈ ಬಾನಿಯಿಂದ ಆ ಬಾನಿಗೆ ಸುರಿಯುತ್ತಿದ್ದರು. ಒಂದೊಂದು ಬಟ್ಟಲಿಗೂ ಸಂಖ್ಯೆಯನ್ನು ಹಾಡಬೇಕು. ಹಾಡದಿದ್ದರೆ ಹತ್ತು ಸಾವಿರ ಮರಿಯ ಹೊತ್ತಿಗೆ ಯಾವ ಮನುಷ್ಯನಾದರೂ ನಿದ್ದೆ ಹೋಗುತ್ತಾನೆ. ಏಳು ವರ್ಷದ ಗಿನ್‌ಥೇ ಪಕ್ಕದಲ್ಲಿ ಕೂತು ಹಾಡು ಕಲಿತಳು, ಒಂಬತ್ತಕ್ಕೆ ಬಟ್ಟಲು ಹಿಡಿದಳು. ಇಪ್ಪತ್ತೇಳು ತುಂಬುವ ಹೊತ್ತಿಗೆ ತೊಟ್ಟಿಯಲ್ಲೇ ಮೊಟ್ಟೆಯೊಡೆಸಿ ಮರಿ ಮಾಡುವ ಕೇಂದ್ರಗಳು ಬಂದವು. ಅಲೆಯಲ್ಲಿ ಬಲೆ ದೂಡುವವರು ಉಳಿಯಲಿಲ್ಲ. ಹಾಡಿಗೆ ಕೆಲಸ ಇಲ್ಲವಾಯಿತು.

ಆಮೇಲೆ ಚಿಪ್ಪು ಒಡೆದು ಸಿಂಪಿ ಬಿಡಿಸುವ ಕೆಲಸ. ಇವತ್ತಿಗೂ ಅದೇ. ನಸುಕಿನ ನಾಲ್ಕೂವರೆಗೆ ಏಳುವುದು, ಹೂಮೀನಿನ ಗಂಜಿ ಒಂದು ಬಟ್ಟಲು ಕುಡಿಯುವುದು, ಸ್ಕೂಟರಿನಲ್ಲಿ ಮೂರು ಕಿಲೋಮೀಟರು ಒಡ್ಡಿಗೆ ಬರುವುದು. ಹಕ್ಕಿ ಎಣಿಸಿ ಏಳೂವರೆಗೆ ಶೆಡ್ಡು ಸೇರಿದರೆ ಮಧ್ಯಾಹ್ನದೊಳಗೆ ಹದಿನೈದು ಕಿಲೋ ಸಿಂಪಿ ಬಿಡಿಸುತ್ತಾರೆ. ಚೂಪು ಚಿಪ್ಪು ತಾಗಿ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ. ಅಕ್ಟೋಬರಿನಿಂದ ಮಾರ್ಚಿನವರೆಗೆ ಚಳಿಗಾಲಕ್ಕೆ ನೂರೈವತ್ತು ಬೆಳಗು. ಇದಕ್ಕೆ ಸಂಬಳ ಇಲ್ಲ. ಬಳಗದವರು ಕೊಟ್ಟದ್ದು ಗಾಳಿ ತಡೆಯುವ ಒಂದು ಕೋಟು.

ಶುರುವಾದದ್ದು ಹೀಗೆ. ಗಂಡ ತೀರಿಕೊಂಡ ವರ್ಷ ಬೆಳಗಿನ ಜಾವ ಮನೆಯಲ್ಲಿ ಇರಲಾಗದೆ ಅವರು ಒಡ್ಡಿನ ಮೇಲೆ ನಡೆಯಲು ಬರುತ್ತಿದ್ದರು. ಒಂದು ದಿನ ಸಿಯಾವ್ ಮೇಷ್ಟ್ರು ದುರ್ಬೀನು ಇಟ್ಟು ಗಾಳಿಯಲ್ಲಿ ತಡಬಡಾಯಿಸುತ್ತಿದ್ದರು. ಮೊದಲ ಸಲ ಇನ್ನೂರ ತೊಂಬತ್ತು ಬಂತು, ಎರಡನೆಯ ಸಲ ಮುನ್ನೂರ ಮೂವತ್ತೊಂದು, ಮೂರನೆಯ ಸಲ ಮುನ್ನೂರ ನಾಲ್ಕು. ಹಿಂದೆ ನಿಂತಿದ್ದ ಹೆಂಗಸು ತಾನೂ ಒಮ್ಮೆ ನೋಡಬಹುದೇ ಎಂದು ಕೇಳಿದರು. ಸ್ವಲ್ಪ ಹೊತ್ತು ಗುನುಗಿ, ಮುನ್ನೂರ ಹದಿನೆಂಟು ಎಂದರು. ಆ ದನಿಯಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲವಂತೆ. ಮೇಷ್ಟ್ರು ತಮ್ಮ ಮೂರೂ ಸಂಖ್ಯೆ ಹೊಡೆದು ಹಾಕಿ ಅದನ್ನೇ ಬರೆದುಕೊಂಡರು.

ಶೆಡ್ಡಿನಲ್ಲಿ ಜೊತೆಗೆ ಕೂರುವ ಬಿಲಾನ್ ಹತ್ತೊಂಬತ್ತು ವರ್ಷದಿಂದ ಇದನ್ನು ಆಡಿಕೊಂಡು ಬಂದಿದ್ದಾರೆ. ಹಕ್ಕಿಗಳಿಗೆ ಜೋಗುಳ ಹಾಡಿ ಮಲಗಿಸಿ ಬಂದೆಯಾ ಎನ್ನುತ್ತಾರೆ. ಗಿನ್‌ಥೇ ತಲೆಯೆತ್ತದೆ ಚಾಕು ಆಡಿಸುತ್ತಾರೆ. ಇಷ್ಟು ವರ್ಷ ಯಾಕೆ ಹೋದಿರಿ ಎಂದು ಹೊರಗಿನವರು ಯಾರಾದರೂ ಕೇಳಿದರೆ ಇನ್ನೆರಡು ಸಿಂಪಿಯ ಬಾಯಿ ಬಿಡಿಸಿ, ಆಮೇಲೆ ಹೇಳುತ್ತಾರೆ.

"ಬೆಳಿಗ್ಗೆ ಎದ್ರೆ ಒಬ್ರು 'ಎಷ್ಟು?' ಅಂತ ಕೇಳ್ತಾರೆ. ಅದಕ್ಕೆ ಉತ್ತರ ನನ್ ಹತ್ರ ಮಾತ್ರ ಇರುತ್ತೆ. ಮನೇಲಿ ನನ್ನ ಯಾರು ಏನು ಕೇಳ್ತಾರೆ?"

ಹೋದ ಚಳಿಗಾಲ ಬಳಗಕ್ಕೆ ಒಂದು ಒಳ್ಳೆಯ ಕ್ಯಾಮೆರಾ ಬಂತು. ಮೇಷ್ಟ್ರು ಎಣಿಕೆಯ ಹೊತ್ತಿಗೇ ಇಡೀ ದಿಬ್ಬದ ಚಿತ್ರ ತೆಗೆದು, ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ, ಊಟದ ಮೇಜಿನ ಮೇಲೆ ಹರಡಿ, ಒಂದೊಂದು ಹಕ್ಕಿಗೂ ಕೆಂಪು ಪೆನ್ನಿನಿಂದ ಚುಕ್ಕೆ ಇಡತೊಡಗಿದರು. ಗಿನ್‌ಥೇ ನಾನೂರ ಮೂವತ್ತು ಎಂದ ದಿನ ಚುಕ್ಕೆ ನಾನೂರ ಐವತ್ತು. ಆರುನೂರ ಹನ್ನೆರಡು ಎಂದ ದಿನ ಆರುನೂರ ನಲವತ್ತೆರಡು. ಹಕ್ಕಿ ಕಮ್ಮಿ ಇದ್ದ ದಿನ, ಎಂಬತ್ತೋ ತೊಂಬತ್ತೋ ಇದ್ದಾಗ, ಎರಡೂ ಒಂದೇ. ಹೆಚ್ಚಿದಷ್ಟೂ ತಪ್ಪು ಹೆಚ್ಚು. ಕಣ್ಣು ದಣಿಯುತ್ತಿದೆ ಎಂದು ಮೇಷ್ಟ್ರು ತಿಳಿದರು. ಒಂದಿಡೀ ಚಳಿಗಾಲ ಬಾಯಿ ಬಿಡಲಿಲ್ಲ. ಈ ನವೆಂಬರಿನಲ್ಲಿ ತಾವೇ ಕರೆದುಕೊಂಡು ಹೋಗಿ ತೈನಾನಿನ ಕಣ್ಣಿನ ವೈದ್ಯರಿಗೆ ತೋರಿಸಿದರು. ಬಲಗಣ್ಣಿಗೆ ಹಿಂದೆಯೇ ಪೊರೆ ತೆಗೆಸಿಯಾಗಿತ್ತು. ನೂಲು ಪೋಣಿಸುವ ಕಣ್ಣು ಇದು, ಏನೂ ಆಗಿಲ್ಲ ಎಂದು ವೈದ್ಯರು ಬರಿದೇ ಒಂದು ಹನಿಮದ್ದು ಕೊಟ್ಟು ಕಳಿಸಿದರು.

ಮರುದಿನವೂ ಇಪ್ಪತ್ತೈದು ಹಕ್ಕಿ ಕಮ್ಮಿ ಬಂತು.

ಆಗ ಮೇಷ್ಟ್ರು ಹೇಳಲೇಬೇಕಾದದ್ದನ್ನು ಹೇಳಿದರು. ದುರ್ಬೀನನ್ನು ಕೆಲವು ದಿನ ತಾನು ನೋಡಿಕೊಳ್ಳುವುದಾಗಿಯೂ, ಥೇ ಆಯಿ ವೀಕ್ಷಣೆಯ ಗುಡಿಸಲಿನಲ್ಲಿ ಕೂತು ಬಂದವರಿಗೆ ಶುಂಠಿ ಚಹಾ ಕೊಟ್ಟು ಹಳೆಯ ಕಾಲದ ಮಾತು ಹೇಳಿದರೆ ಎಲ್ಲರಿಗೂ ಸಂತೋಷವೆಂದೂ ಮೆಲ್ಲಗೆ ತಿಳಿಸಿದರು. ಗಿನ್‌ಥೇ ಆಗಲಿ ಎಂದರು. ಸ್ಟೂಲನ್ನು ಎತ್ತಿಕೊಂಡು ಗುಡಿಸಲಿನೊಳಗೆ ಇಟ್ಟರು. ಹದಿನೇಳು ದಿನ ಚಹಾ ಕಾಸಿದರು. ಹಕ್ಕಿಗಳ ಕಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದರೆಂದು ಬಿಲಾನ್ ಹೇಳುತ್ತಾರೆ. ಆ ದಿನಗಳಲ್ಲಿ ಬಿಲಾನ್ ಜೋಗುಳದ ಮಾತು ಎತ್ತಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಗುಡಿಸಲಿಗೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕರು ಬಂದರು. ದೂಡಿಕೊಂಡು ಬಂದವಳು ಸೊಸೆ. ಎಂಬತ್ತೆಂಟು ದಾಟಿದ ಅವರನ್ನು ಊರವರು ಸುಯ್ ಪೆ ಎನ್ನುತ್ತಾರೆ, ಸುಯ್ ದೊಡ್ಡಪ್ಪ. ಒಂದು ಕಾಲಕ್ಕೆ ದೊಡ್ಡ ಹೊಂಡಗಳ ಒಡೆಯ. ಗಿನ್‌ಥೇಯ ತಂದೆಯ ಬಾನಿಯಿಂದ ವರ್ಷಾವರ್ಷ ಮರಿ ಕೊಳ್ಳುತ್ತಿದ್ದವರು. ಗುಡಿಸಲಿನ ಹಿಂದೆ ಮೀನು ಹಿಡಿದು ಮುಗಿಸಿ ನೀರು ಮೊಣಕಾಲಿಗಿಂತ ಕೆಳಗೆ ಇಳಿಸಿದ ಒಂದು ಹೊಂಡವಿದೆ. ಅಲ್ಲಿ ಉಳಿದ ಪುಡಿಮೀನಿಗೆ ಸೌಟುಕೊಕ್ಕುಗಳು ಬಂದು ಇಳಿದಿದ್ದವು. ಸಾಲಾಗಿ ನಡೆಯುತ್ತ, ಕೊಕ್ಕನ್ನು ಅತ್ತಿತ್ತ ಆಡಿಸಿ, ಸಾರು ತಿರುವಿದಂತೆ ನೀರು ತಿರುವುತ್ತಿದ್ದವು. ಬರಿಗಣ್ಣಿಗೆ ಕಾಣುವಷ್ಟು ಹತ್ತಿರ. ನಿಮ್ಮಪ್ಪನ ಹಾಡಿನಲ್ಲಿ ಒಮ್ಮೆ ಎಣಿಸು, ಕೇಳಿ ಎಷ್ಟೋ ವರ್ಷವಾಯಿತು ಎಂದರು ಮುದುಕರು.

ಗಿನ್‌ಥೇ ಹಾಡಿದರು. ನೂರು ಮುಗಿದು ರಾಗ ಉದ್ದಕ್ಕೆ ಎಳೆದಾಗ ಸುಯ್ ಪೆ ನಗತೊಡಗಿದರು. ನಗು ಕೆಮ್ಮಾಗಿ, ಸೊಸೆ ಬೆನ್ನು ನೀವಬೇಕಾಯಿತು.

"ಏ ಆಥೇ, ನಿಮ್ಮಪ್ಪ ಹೋಗಿ ಮೂವತ್ತು ವರ್ಷ ಆಯ್ತು. ನೀನಿನ್ನೂ ನಂಗೆ ಮೀನು ಬಿಟ್ಟುಕೊಡ್ತಾನೇ ಇದೀಯಲ್ಲೇ."

"ಯಾವ ಮೀನು, ಸುಯ್ ಪೆ?"

"ಕೈ ನೋಡ್ಕೋ. ನೂರು ಆದ್ಮೇಲೆ ಉಸಿರು ಎಳ್ಕೊಳ್ಳೋಕೆ ರಾಗ ಎಳೀತೀಯಲ್ಲ, ಆಗ ಕೈ ಸುಮ್ನಿತ್ತಾ? ಇನ್ನೊಂದು ಬಟ್ಲು ಸುರೀತು. ಅದು ಲೆಕ್ಕಕ್ಕಿಲ್ಲ. ಅದು ನಂದು."

ಹೊಂಡ ಸೇರುವ ದಾರಿಯಲ್ಲಿ ಒಂದಿಷ್ಟು ಮರಿ ಸತ್ತೇ ಸಾಯುತ್ತಿದ್ದವು. ಅದಕ್ಕಾಗಿ ಗಿನ್‌ಥೇಯ ತಂದೆ ನೂರಕ್ಕೊಂದು ಬಟ್ಟಲು, ಅಂದರೆ ಐದು ಮರಿಯನ್ನು, ಕೊಳ್ಳುವವನಿಗೆ ಹೆಚ್ಚಿಗೆ ಸುರಿಯುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ, ಹಾಡುವ ರೂಢಿಯೂ ಇರಲಿಲ್ಲ. ಉಸಿರು ತೆಗೆದುಕೊಳ್ಳುವ ನೆಪದಲ್ಲಿ ರಾಗ ಎಳೆಯುತ್ತದೆ, ಕೈ ತನ್ನ ಕೆಲಸ ಮಾಡಿ ಮುಗಿಸುತ್ತದೆ. ಉಸಿರಿನ ಮೀನು ಎಂದು ಹೊಂಡದವರು ತಮ್ಮತಮ್ಮಲ್ಲಿ ಕರೆಯುತ್ತಿದ್ದರು. ಏಳು ವರ್ಷದ ಹುಡುಗಿಗೆ ಅಪ್ಪ ಹಾಡು ಕಲಿಸಿದರು, ಕೈ ಕಲಿಸಿದರು. ಯಾಕೆಂದು ಹೇಳುವುದು ಬಿಟ್ಟುಹೋಯಿತು. ಅವಳು ಅದನ್ನು ರಾಗವೆಂದೇ ತಿಳಿದಳು. ಹತ್ತೊಂಬತ್ತು ಚಳಿಗಾಲ ದುರ್ಬೀನಿನ ಹಿಂದೆ ಕೂತಾಗ ಕಣ್ಣು ಕೈಯ ಹಿಂದೆಯೇ ಹೋಯಿತು. ನೂರು ಹಕ್ಕಿಗೆ ಐದು ಹಕ್ಕಿ, ಯಾರಿಗೋ ಬಿಟ್ಟುಕೊಟ್ಟದ್ದು.

ಸುಯ್ ಪೆ ಹೋದ ಮೇಲೆ ಚಹಾದ ಪಾತ್ರೆ ತಳ ಹಿಡಿಯುವವರೆಗೂ ಗಿನ್‌ಥೇ ಹಾಗೇ ಕೂತಿದ್ದರು. ಯಾರಿಗೂ ಹೇಳದೆ ನಾಳೆಯೇ ಸರಿಯಾಗಿ ಎಣಿಸಿ ತೋರಿಸಬಹುದಿತ್ತು. ವೈದ್ಯರ ಹನಿಮದ್ದಿನಿಂದ ಕಣ್ಣು ಸರಿಹೋಯಿತೆಂದು ಎಲ್ಲರೂ ನಂಬುತ್ತಿದ್ದರು. ಆ ಯೋಚನೆ ಬಂದದ್ದನ್ನು ಅವರು ಮುಚ್ಚಿಡುವುದಿಲ್ಲ. "ಬಂತು. ಒಂದು ಗಂಟೆ ನನ್ ಜೊತೇಲೇ ಕೂತಿತ್ತು," ಎನ್ನುತ್ತಾರೆ. ಆದರೆ ಹಿಂದಿನ ಹತ್ತೊಂಬತ್ತು ಚಳಿಗಾಲದ ಪುಸ್ತಕಗಳು ಮೇಷ್ಟ್ರ ಮನೆಯ ಕಪಾಟಿನಲ್ಲಿದ್ದವು. ಅವುಗಳ ತುಂಬ ಇಲ್ಲದ ಹಕ್ಕಿಗಳಿದ್ದವು. ಅಲ್ಲ, ಇದ್ದೂ ಇಲ್ಲವಾದ ಹಕ್ಕಿಗಳು.

ಮರುದಿನ ಬೆಳಿಗ್ಗೆ ಮೇಷ್ಟ್ರು ಹಿತ್ತಲಲ್ಲಿ ಈರುಳ್ಳಿ ಸಸಿಗೆ ನೀರು ಹಾಕುತ್ತಿದ್ದಾಗ ಗಿನ್‌ಥೇ ಸ್ಕೂಟರಿನಿಂದ ಇಳಿದು, ತಲೆಬಟ್ಟೆ ಬಿಚ್ಚದೆ, ನಿಂತೇ ಎಲ್ಲ ಹೇಳಿದರು. ಮೇಷ್ಟ್ರು ಒಳಗೆ ಹೋಗಿ, ತಪ್ಪುಗಳನ್ನು ಬರೆದಿಟ್ಟುಕೊಂಡಿದ್ದ ಪುಟ್ಟ ಪುಸ್ತಕ ತಂದು, ಬೆರಳಿಟ್ಟು ಓದುತ್ತ ಹೋದರು. ಹದಿನೈದು, ಇಪ್ಪತ್ತು, ಮೂವತ್ತು, ಇಪ್ಪತ್ತು, ಇಪ್ಪತ್ತೈದು. ನೀರಿನ ಕೊಳವೆ ನೆಲದಲ್ಲಿ ಬಿದ್ದು ಒಂದೇ ಸಸಿಯ ಬುಡ ತೋಯಿಸುತ್ತಿತ್ತು.

"ಎಲ್ಲಾ ಐದರ ಮಗ್ಗಿ. ಮೂವತ್ತೆಂಟು ವರ್ಷ ಗಣಿತ ಕಲಿಸ್ದೋನು ನಾನು. ನಿಮ್ ಕಣ್ಣನ್ನ ವೈದ್ಯರ ಹತ್ರ ಕರ್ಕೊಂಡ್ಹೋದೆ. ನಂದನ್ನ ಯಾರು ಕರ್ಕೊಂಡ್ಹೋಗ್ಬೇಕು, ಆಯೀ?"

ನಾಲ್ಕು ಮಧ್ಯಾಹ್ನ ಇಬ್ಬರೂ ಕೂತು ಹಳೆಯ ಪುಸ್ತಕಗಳನ್ನು ತಿದ್ದಿದರು. ಪ್ರತಿ ನೂರಕ್ಕೆ ಐದು ಕೂಡಿಸುತ್ತ, ಎರಡು ಸಾವಿರದ ಎಂಟುನೂರು ಬೆಳಗುಗಳು. ಮೊಟ್ಟಮೊದಲ ಪುಟದ ಮುನ್ನೂರ ಹದಿನೆಂಟು ಮುನ್ನೂರ ಮೂವತ್ತಮೂರಾಯಿತು. ಹಾಗಾದರೆ ಅವತ್ತು ತಾನು ಹೊಡೆದು ಹಾಕಿದ ಮುನ್ನೂರ ಮೂವತ್ತೊಂದೇ ಹತ್ತಿರವಿತ್ತಲ್ಲ ಎಂದು ಮೇಷ್ಟ್ರು ಬೀಗಿದರು. ಎರಡು ಹಕ್ಕಿ ನುಂಗಿದ್ದೀರಿ ಎಂದರು ಗಿನ್‌ಥೇ. ಕೊನೆಗೆ ಪುಸ್ತಕದ ಅಂಚಿನಲ್ಲಿ ಏನೆಂದು ಬರೆಯುವುದು ಎಂಬಲ್ಲಿ ಇಬ್ಬರಿಗೂ ಮಾತು ಕೂಡಲಿಲ್ಲ. ಬರಿದೇ 'ತಿದ್ದಲಾಗಿದೆ' ಎಂದು ಬರೆದರೆ ಸಾಕು, ಯಾರೂ ಕೇಳುವುದಿಲ್ಲ ಎಂದರು ಮೇಷ್ಟ್ರು. ಗಿನ್‌ಥೇ ಒಪ್ಪಲಿಲ್ಲ. ಕೇಳದಿದ್ದರೂ ಓದುವವರು ಇರುತ್ತಾರಲ್ಲ ಎಂದರು. 'ಎಣಿಸಿದವಳ ತಪ್ಪು, ಮೀನಮರಿಯ ಹಾಡಿನಲ್ಲಿ ಎಣಿಸಿದ್ದರಿಂದ ನೂರಕ್ಕೆ ಐದು ಬಿಟ್ಟಿದೆ' ಎಂದು ಬರೆಸಿ, ಮೇಷ್ಟ್ರಿಂದ ಎರಡು ಸಲ ಓದಿಸಿ ಕೇಳಿದರು.

ಇಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ದುರ್ಬೀನಿನ ಹಿಂದೆ ಮತ್ತೆ ಕೂತಾಗ ಉಸಿರಿನ ಜಾಗವನ್ನು ಹಾಡಿನಿಂದ ತೆಗೆದು ಎಣಿಸಲು ನೋಡಿದರು. ಆಗಲಿಲ್ಲ. ನೂರು ಹತ್ತಿರವಾದಂತೆ ಕೈ ತಾನಾಗಿ ಚಾಚುತ್ತದೆ. ತಡೆದರೆ ರಾಗ ಮುರಿಯುತ್ತದೆ, ರಾಗ ಮುರಿದರೆ ಕಣ್ಣು ನಿಂತ ಜಾಗ ಮರೆಯುತ್ತದೆ. ಒಂದು ದಿನ ಏಳು ಕಮ್ಮಿ, ಒಂದು ದಿನ ಹನ್ನೊಂದು ಕಮ್ಮಿ, ಇನ್ನೊಂದು ದಿನ ನಾಲ್ಕು ಹೆಚ್ಚು. ಮೊದಲಿನ ತಪ್ಪಿಗೆ ಒಂದು ನಡೆಯಿತ್ತು. ಇದಕ್ಕೆ ಅದೂ ಇಲ್ಲ. ಜಂಟಿ ಎಣಿಕೆಗೆ ಹೆಸರು ಕಳಿಸುವ ದಿನ ಬಂದಾಗ ಮೇಷ್ಟ್ರು ಇಬ್ಬರ ಹೆಸರನ್ನೂ ಬರೆದರು. ಆ ಬೆಳಿಗ್ಗೆ ಚಿತ್ರಕ್ಕೂ ಹಾಡಿಗೂ ತಾಳೆಯಾದರೆ ಥೇ ಆಯಿ, ಇಲ್ಲದಿದ್ದರೆ ಮುಂದಿನ ಎಣಿಕೆಯೆಲ್ಲ ತನ್ನದು ಎಂದು ಮುಖ ನೋಡದೆ ಹೇಳಿದರು.

ಆ ಬೆಳಿಗ್ಗೆ ಇದೇ. ಬೆಳಕು ಈಗ ಪೂರ್ತಿ ಹರಿದಿದೆ. ದಿಬ್ಬದ ಎಡತುದಿಯಿಂದ ಗಿನ್‌ಥೇ ಬಲಕ್ಕೆ ಸರಿಯುತ್ತಿದ್ದಾರೆ. ನೂರು ತಲುಪುತ್ತದೆ. ಗುನುಗು ಉದ್ದಕ್ಕೆ ಎಳೆಯುತ್ತದೆ. ಅವರು ಅದನ್ನು ತಡೆಯುವುದಿಲ್ಲ. ಕೈ ಒಂದು ಬಟ್ಟಲು ಸುರಿಯುತ್ತದೆ, ಐದು ಹಕ್ಕಿ ಎಣಿಕೆಯಿಲ್ಲದೆ ದಾಟಿಹೋಗುತ್ತವೆ. ಆಗ ಎಡಗೈ ಕೋಟಿನ ಜೇಬಿನಿಂದ ಒಂದು ಸಿಂಪಿಚಿಪ್ಪು ತೆಗೆದು ಮಡಿಲಿಗೆ ಹಾಕುತ್ತದೆ. ಅಪ್ಪ ನೂರಕ್ಕೊಂದರಂತೆ ಬಿದಿರುಕಡ್ಡಿ ಹಾಕುತ್ತಿದ್ದದ್ದು ಮೂರು ದಿನದ ಹಿಂದೆ, ಶೆಡ್ಡಿನಲ್ಲಿ ಕೂತಿದ್ದಾಗ, ನೆನಪಾಯಿತಂತೆ. ಹಾಡು ತನ್ನ ಪಾಡಿಗೆ ಹೋಗಲಿ, ಬಿಟ್ಟ ಐದರ ಲೆಕ್ಕವನ್ನು ಕಡ್ಡಿಯ ಬದಲು ಈ ಚಿಪ್ಪು ಹೇಳುತ್ತದೆ.

ಸಿಂಪಿಯವರ ಮೊದಲ ದೋಣಿಯ ಎಂಜಿನ್ನು ದೂರದಲ್ಲಿ ಗುಡುಗುಡು ಎನ್ನುವಾಗ ಅವರು ಗಾಜಿನಿಂದ ಕಣ್ಣು ತೆಗೆಯುತ್ತಾರೆ. ಏಳುನೂರ ನಲವತ್ತೆಂಟು ಎನ್ನುತ್ತಾರೆ. ಮಡಿಲಲ್ಲಿ ಏಳು ಚಿಪ್ಪು. ಏಳೈದಲ ಮೂವತ್ತೈದು. ಒಟ್ಟು ಏಳುನೂರ ಎಂಬತ್ತಮೂರು. ಮೇಷ್ಟ್ರು ಬರೆದುಕೊಂಡು, ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಾರೆ.

ಚಿತ್ರದ ಹಾಳೆ ಅಚ್ಚಾಗಿ ಬಂದು ಚುಕ್ಕೆಯಿಟ್ಟು ಮುಗಿಯುವಾಗ ಮಧ್ಯಾಹ್ನ. ಗಿನ್‌ಥೇ ಶೆಡ್ಡಿನಲ್ಲಿ ಸಿಂಪಿ ಬಿಡಿಸುತ್ತಿದ್ದಾರೆ. ಬಿಲಾನ್ ಮೂರು ಸಲ ಎದ್ದುಹೋಗಿ ದಾರಿ ನೋಡಿ ಬಂದಿದ್ದಾರೆ. ಮೇಷ್ಟ್ರು ಹಾಳೆ ಸುರುಳಿ ಸುತ್ತಿಕೊಂಡು ಬರುತ್ತಾರೆ. ಏಳುನೂರ ಎಂಬತ್ತೆರಡು ಎನ್ನುತ್ತಾರೆ. ಒಂದೇ ಒಂದು, ಅಷ್ಟನ್ನು ಯಾರೂ ತಪ್ಪೆನ್ನುವುದಿಲ್ಲ ಎಂದೂ ಸೇರಿಸುತ್ತಾರೆ. ಗಿನ್‌ಥೇ ಕೈ ಒರೆಸಿಕೊಂಡು ಹಾಳೆಯನ್ನು ಚಿಪ್ಪಿನ ಬುಟ್ಟಿಗಳ ಮೇಲೆ ಹರಡಿಸಿ, ಬಗ್ಗಿ, ಎಡತುದಿಯಿಂದ ನೋಡುತ್ತ ಬರುತ್ತಾರೆ. ಬಹಳ ಹೊತ್ತಾದ ಮೇಲೆ ಗೆರೆಯಿಲ್ಲದ ಬೆರಳೊಂದು ಒಂದು ಕಡೆ ನಿಲ್ಲುತ್ತದೆ.

"ಮೇಷ್ಟ್ರೇ, ಈ ಹಕ್ಕಿಗೆ ಮೂರು ಕಾಲು."

ಮೇಷ್ಟ್ರು ಕನ್ನಡಕ ಏರಿಸಿ ನೋಡುತ್ತಾರೆ. ಎಚ್ಚರವಿರುವ ಒಂದು ಹಕ್ಕಿಯ ಎರಡು ಕಾಲಿನ ನಡುವೆ, ಅದರ ಹಿಂದೆ ಪೂರ್ತಿ ಮರೆಯಾಗಿ ನಿದ್ದೆ ಹೋದ ಇನ್ನೊಂದರ ಒಂಟಿಕಾಲು. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು ಆ ಕಾಲಿನ ಬುಡಕ್ಕೆ ಚುಕ್ಕೆ ಇಡುತ್ತಾರೆ. ಆಮೇಲೆ, ಯಾಕೋ, ಪೆನ್ನನ್ನು ಗಿನ್‌ಥೇಯ ಕೈಗೆ ಕೊಟ್ಟು, ಹೊರಗೆ ಹೋಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತಾರೆ.

ಬಿಲಾನ್ ಈಗ ಹಾಡು ಕಲಿಯಲು ಶುರು ಮಾಡಿದ್ದಾರೆ. ಚಾಕು ಆಡಿಸುತ್ತಲೇ ಪಾಠ ನಡೆಯುತ್ತದೆ. ಗಂಟಲು ಕತ್ತೆಯದು, ಹಕ್ಕಿಗಳು ಹೆದರಿ ತಾವು ಬಂದ ಕೊರಿಯಾಕ್ಕೇ ವಾಪಸ್ಸು ಹಾರಿಯಾವು ಎಂದು ಗಿನ್‌ಥೇ ಹತ್ತೊಂಬತ್ತು ವರ್ಷದ ಮಾತುಗಳನ್ನು ಒಂದೊಂದಾಗಿ ಹಿಂದಿರುಗಿಸುತ್ತಾರೆ. ಇನ್ನೂ ಎಷ್ಟು ಚಳಿಗಾಲ ಸ್ಕೂಟರು ಓಡಿಸಲಾದೀತೋ ಗೊತ್ತಿಲ್ಲ, ಅಷ್ಟರೊಳಗೆ ಇನ್ನೊಬ್ಬರಿಗೆ ಬರಬೇಕು, ಬೇರೆ ಆಸೆಯೇನಿಲ್ಲ ಎನ್ನುತ್ತಾರೆ. ಹಾಗಾದರೆ ಆ ಉಸಿರಿನ ಜಾಗ ತೆಗೆದುಹಾಕಿ ಕಲಿಸು, ಚಿಪ್ಪು ಹಾಕುವ ರಗಳೆಯೇ ಇರುವುದಿಲ್ಲ ಎಂದು ಬಿಲಾನ್ ಕೇಳಿದ್ದುಂಟು. ಗಿನ್‌ಥೇ ಕೈಯಲ್ಲಿದ್ದ ಸಿಂಪಿಯನ್ನು ಪೂರ್ತಿ ಬಿಡಿಸಿ, ಬಾನಿಗೆ ಹಾಕಿ, ಆಮೇಲೆ ಹೇಳಿದರು:

"ಐದು ಬಿಟ್ಟುಕೊಡೋದನ್ನ ಮೊದ್ಲು ಕಲಿ. ಕೂಡಿಸೋದು ಯಾರಿಗೆ ಬರಲ್ಲ?"